ನೆಲ್ಲು ಒಂದು ಕಡೆ, ಅಕ್ಕಿ ಒಂದು ಕಡೆ

ಆ ದಿನ ಸಂಡೂರಿನಲ್ಲಿ ಲಾರಿ ಮಾಲೀಕರ ಸಂಘದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತೇ, ಇರಲಿಲ್ಲವೇ? ಇತ್ತೆಂದೇ ನನ್ನ ನೆನಪು. ಆಫೀಸಿನಲ್ಲಿ ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಹಿರಿಯ ಸಹೋದ್ಯೋಗಿ ಅದನ್ನು ಗರಕ್ಕನೆ ತಿರುಗಿಸಿ ಸಂಘದ ಕಾರ್ಯದರ್ಶಿಯ ಮುಂದಕ್ಕೆ ತಳ್ಳಿದ್ದು, ಚಹಾದ ಲೋಟಗಳು ಅಲುಗಿದ್ದು, ಸುತ್ತ ಕುಳಿತವರಲ್ಲಿ ಒಬ್ಬರೂ ಕೈ ಮುಂದೆ ಮಾಡದೆ ಇದ್ದದ್ದು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅದೇ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದ, ನಮ್ಮ ಆಫೀಸಿನಲ್ಲಿ ಕೋಡ್ ಬರೆಯುವ ಶಬಾನಾ, "ಅವತ್ತು ಲ್ಯಾಪ್‌ಟಾಪೇ ತೆಗೆದಿದ್ದಿಲ್ರಿ ಸಾರ್. ಕರೆಂಟ್ ಹೋಗಿ ನೆಟ್ಟೂ ಇದ್ದಿದ್ದಿಲ್ಲ" ಎನ್ನುತ್ತಾಳೆ. ಅವಳ ಪ್ರಕಾರ ಅಕ್ಕ ಚೆಲ್ಲಿದ ಚಹಾದಲ್ಲಿ ಬೆರಳು ಅದ್ದಿ ಮೇಜಿನ ಮೇಲೆ ಎರಡು ಚೌಕ ಬರೆದರು, ಅಷ್ಟೇ.

ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಕಣ್ಣಾರೆ ಕಂಡವನ ಮಾತನ್ನೂ ಅನುಮಾನದಿಂದಲೇ ನೋಡಬೇಕೆಂದು ಅಲ್ಲಿ ಕಲಿಸಿದರು. ಕಂಡವನು ನಾನೇ ಆದಾಗ ಏನು ಮಾಡಬೇಕೆಂದು ಕಲಿಸಲಿಲ್ಲ. ಹೀಗಾಗಿ ಈ ಬರಹದಲ್ಲಿ ನನಗೆ ಖಾತ್ರಿಯಿಲ್ಲದ್ದನ್ನು ಖಾತ್ರಿಯಿಲ್ಲ ಎಂದೇ ಹೇಳುತ್ತೇನೆ. ಆದರೆ ಬರೆಯದೆ ಬಿಡುವುದಿಲ್ಲ. ಯಾಕೆಂದರೆ ಇತ್ತೀಚೆಗೆ ಅಕ್ಕ ತೀರಿಕೊಂಡಾಗ ಹೊಸಪೇಟೆಯ ನಮ್ಮ ಹಳೆಯ ಆಫೀಸಿನಲ್ಲಿ ಸಂತಾಪ ಸಭೆ ನಡೆಯಿತು. ಆಫೀಸಿನ ಮಾಲೀಕ ವೀರೇಶಪ್ಪನವರು ಎದ್ದು ನಿಂತು, "ಭಾಳ ಸೌಮ್ಯ ಸ್ವಭಾವದ ಹೆಣ್ಮಗಳು. ಯಾರಿಗೂ ಎದುರು ಮಾತಾಡಿದೋರಲ್ಲ" ಎಂದರು. ಸಭೆ ತಲೆಯಾಡಿಸಿತು.

ಸುಳ್ಳು. ಅಕ್ಕ ಸೌಮ್ಯರಾಗಿರಲಿಲ್ಲ. ಎದುರು ಮಾತನ್ನೇ ಆಡುತ್ತಿದ್ದರು, ಹೆಚ್ಚಾಗಿ ವೀರೇಶಪ್ಪನವರಿಗೇ. ಇದನ್ನು ಓದಿ ಅವರಿಗೆ ಸಿಟ್ಟು ಬಂದರೆ ಬರಲಿ. ಸತ್ತವರನ್ನು ಹೊಗಳುವ ನೆಪದಲ್ಲಿ ಅವರ ಹಲ್ಲು ಕಿತ್ತುಹಾಕುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮದು ಸ್ಟೇಷನ್ ರಸ್ತೆಯ ಬಳಿ ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಸಣ್ಣ ವೆಬ್ ಆಫೀಸು. ಹಂಪಿಯ ಹೋಂಸ್ಟೇಗಳು, ಕಂಪ್ಲಿಯ ರೈಸ್ ಮಿಲ್ಲುಗಳು, ಸಂಡೂರಿನ ಲಾರಿ ಸಂಘ, ಯಾರು ಬಂದರೂ ವೆಬ್‌ಸೈಟ್ ಮಾಡಿಕೊಡುತ್ತಿದ್ದೆವು. ಸೈಟುಗಳಿಗೆ ಕನ್ನಡ ಬರೆದುಕೊಡುವ ಕೆಲಸ ನನ್ನದು. ಕೋಡ್ ಬರೆಯುವವರಲ್ಲಿ ಹಿರಿಯರು ಅಕ್ಕ. ಹಣೆಗೆ ವಿಭೂತಿ, ತಲೆಯ ಮೇಲೆ ಏರಿಸಿಟ್ಟು ಆಮೇಲೆ ಎಲ್ಲೆಲ್ಲೋ ಹುಡುಕುವ ಕನ್ನಡಕ, ಟೇಬಲ್ಲಿನ ಮೇಲೆ ಪೇಪರಿನಲ್ಲಿ ಕಟ್ಟಿಸಿಕೊಂಡ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಕಂಪ್ಲಿಯಲ್ಲಿ ಅವರ ತಂದೆಯ ರೈಸ್ ಮಿಲ್ಲಿತ್ತು. ಕಾಳು ಕೇರುವವರ ಹಾಗೆ ಆಗಾಗ ಕೀಬೋರ್ಡನ್ನು ಎತ್ತಿ ಉಫ್ ಎಂದು ಊದುವ ಅಭ್ಯಾಸ ಅಲ್ಲಿಂದಲೇ ಬಂದಿರಬೇಕು. ಇದು ನನ್ನ ಊಹೆ.

ನಾನು ಸೇರಿದ ಹೊಸತರಲ್ಲಿ ಹೋಂಸ್ಟೇ ಒಂದರ ಪುಟದಲ್ಲಿ ಬುಕ್ಕಸಾಗರ ಎಂಬ ಊರಿನ ಹೆಸರು ತಪ್ಪಾಗಿ ಬಿದ್ದಿತ್ತು. ಸರ್ವರಿನಲ್ಲಿ ಆ ಪುಟದ ಫೈಲು ತೆರೆದು ತಿದ್ದಿದೆ. ಸರಿಯಾಯಿತು. ಮರುದಿನ ನೋಡಿದರೆ ಅದೇ ತಪ್ಪು ಮತ್ತೆ ಹಾಜರು! ತಿದ್ದಿದೆ. ಮಾರನೆಯ ದಿನ ಮತ್ತೆ ಬಂತು. ಯಾರೋ ಬೇಕೆಂದೇ ಮಾಡುತ್ತಿದ್ದಾರೆಂದು ಸಿಟ್ಟಿನಿಂದ ಅಕ್ಕನ ಟೇಬಲ್ಲಿಗೆ ಹೋದೆ.

"ಎಲ್ಲಿ ತಿದ್ದಿದ್ರಿ ಇತಿಹಾಸದೋರೆ?" ಎಂದರು. ನನಗೆ ಅವರಿಟ್ಟ ಹೆಸರು ಅದು.

ತೋರಿಸಿದೆ. ಕನ್ನಡಕ ಇಳಿಸಿ ನೋಡಿ ನಕ್ಕರು. "ಅಕ್ಕಿಗೆ ನೀರ್ ಹಾಯಿಸಿದ್ರ ಪೈರು ಬರ್ತೈತೇನ್ರಿ? ನೆಲ್ಲಿನ್ಯಾಗ ತಿದ್ರಿ."

ಭತ್ತಕ್ಕೆ ನಮ್ಮ ಕಡೆ ನೆಲ್ಲು ಎನ್ನುತ್ತಾರೆ. ಈ ಕೆಲಸ ಗೊತ್ತಿಲ್ಲದವರಿಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ವೆಬ್‌ಸೈಟ್ ಮಾಡುವವರು ಮನುಷ್ಯರು ಓದಿ ತಿದ್ದಬಹುದಾದ ರೂಪದಲ್ಲಿ ಕೋಡ್ ಬರೆಯುತ್ತಾರೆ. ಕಂಪೈಲರ್ ಎಂಬ ಪ್ರೋಗ್ರಾಮು ಅದನ್ನು ಓದಿಕೊಂಡು, ಬ್ರೌಸರಿಗೆ ಒಗ್ಗುವ ಬೇರೆ ಫೈಲುಗಳನ್ನು ತಯಾರಿಸುತ್ತದೆ. ಜನ ತಮ್ಮ ಫೋನಿನಲ್ಲಿ ನೋಡುವುದು ಈ ತಯಾರಾದ ಫೈಲುಗಳ ಕೆಲಸವನ್ನು. ಹಾಗಾದರೆ ಇವನ್ನು ಎಲ್ಲಿ ಇಡಬೇಕು? ನಮ್ಮ ಆಫೀಸಿನಲ್ಲಿ ಬಹುಕಾಲ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೈಯಲ್ಲಿ ಬರೆದದ್ದು, ಯಂತ್ರ ಮಾಡಿದ್ದು, ಎರಡೂ ಒಂದೇ ಫೋಲ್ಡರಿನಲ್ಲಿ ಮಲಗಿರುತ್ತಿದ್ದವು. ಗಿರಾಕಿ ಫೋನಿನಲ್ಲಿ ಜಲ್ದಿ ಜಲ್ದಿ ಎಂದು ಕೂಗುವಾಗ ಕಂಪೈಲ್ ಮಾಡುತ್ತ ಕೂರುವ ವ್ಯವಧಾನ ಯಾರಿಗೂ ಇಲ್ಲ. ನೇರವಾಗಿ ತಯಾರಾದ ಫೈಲಿನಲ್ಲೇ ಒಂದು ಸಾಲು ತಿದ್ದಿ, "ಆತ್ರಿ ಸಾರ್, ನೋಡ್ರಿ" ಎನ್ನುವುದು ನಮ್ಮ ಆಫೀಸಿನ ಪದ್ಧತಿ. ಹೀಗೆ ವರ್ಷಗಟ್ಟಲೆ ತಿದ್ದಿ ತಿದ್ದಿ, ಯಾವುದು ಯಾರು ಬರೆದದ್ದೆಂದು ತಿಳಿಯದೆ, ಯಾವುದನ್ನೂ ಅಳಿಸಲು ಎಲ್ಲರಿಗೂ ಅಂಜಿಕೆ.

ಅಕ್ಕ ತಮ್ಮ ಕೈಗೆ ಬಂದ ಪ್ರತಿ ಸೈಟಿನಲ್ಲೂ ಎರಡು ಫೋಲ್ಡರು ಮಾಡಿದರು. ಕೈಯಲ್ಲಿ ಬರೆದದ್ದಕ್ಕೆ ನೆಲ್ಲು, ಯಂತ್ರ ಮಾಡಿದ್ದಕ್ಕೆ ಅಕ್ಕಿ. ಇಂಗ್ಲಿಷ್ ಅಕ್ಷರದಲ್ಲಿ ಹಾಗೆಯೇ ಹೆಸರಿಟ್ಟರು. ನೆಲ್ಲಿನಲ್ಲಿ ಯಾರು ಏನು ತಿದ್ದಿದರೂ ತಿದ್ದಿದವರ ಹೆಸರು ದಾಖಲಾಗುತ್ತಿತ್ತು. ಅಕ್ಕಿ ಫೋಲ್ಡರಿನಲ್ಲಿ ಯಾರೂ ಕೈಯಾರೆ ಬರೆಯುವಂತಿಲ್ಲ. ಅದನ್ನು ಯಾವಾಗ ಬೇಕಾದರೂ ಪೂರ್ತಿ ಅಳಿಸಿ, ನೆಲ್ಲಿನಿಂದ ಹೊಸದಾಗಿ ತಯಾರಿಸಬಹುದಾಗಿರಬೇಕು. ಬೇಕೆಂದೇ ದಿನಾ ಅಳಿಸುತ್ತಿದ್ದರು. ನಾನು ಅಕ್ಕಿಯಲ್ಲಿ ತಿದ್ದಿದ ಬುಕ್ಕಸಾಗರ ಮರುದಿನ ಮತ್ತೆ ತಪ್ಪಾಗುತ್ತಿದ್ದುದು ಅದಕ್ಕೇ.

"ನಮ್ಮಪ್ಪನ ಮಿಲ್ಲಿನ್ಯಾಗ ನೆಲ್ಲಿನ ಗೋದಾಮು ಬ್ಯಾರೆ, ಅಕ್ಕಿ ಗೋದಾಮು ಬ್ಯಾರೆ. ಅಕ್ಕಿ ಕಡೆ ಚೆಲ್ಲಿದ ಒಂದ್ ಹಿಡಿನೂ ನೆಲ್ಲಿನ ಕಡೆ ತರಂಗಿದ್ದಿಲ್ಲ. ತಂದೋನು ಅವತ್ತೇ ಮನಿಗೆ" ಎನ್ನುತ್ತಿದ್ದರು.

ನನಗೆ ಇಂಥ ಹೋಲಿಕೆಗಳನ್ನು ಕಂಡರೆ ಆಗುವುದಿಲ್ಲ. "ನಿಮ್ಮ ಹೋಲಿಕೆ ಸರಿಯಿಲ್ಲ ಅಕ್ಕ. ಭತ್ತವನ್ನು ಒಮ್ಮೆ ಮಿಲ್ಲಿಗೆ ಹಾಕಿದರೆ ಮುಗಿಯಿತು, ಮತ್ತೆ ಭತ್ತ ಇರುವುದಿಲ್ಲ. ಕೋಡು ಹಾಗಲ್ಲ" ಎಂದೆ.

ಅವರು ಮಿರ್ಚಿ ಕಚ್ಚಿದರು. "ಹಂಗಾದ್ರ ಇನ್ನೂ ಚೊಲೋ ಆತಲ್ರಿ. ನಮ್ ನೆಲ್ಲು ತೀರಂಗೇ ಇಲ್ಲ. ಮತ್ಯಾಕ ಅಕ್ಕಿ ಚೆಲ್ಲಾಕ ಇಷ್ಟ್ ಅಂಜ್ತೀರಿ?"

 

ಅವರ ಹಟಕ್ಕೆ ಮತ್ತೊಂದು ಮುಖವೂ ಇತ್ತು. ಒಮ್ಮೆ ಹೋಂಸ್ಟೇ ನಡೆಸುವ ಹೆಂಗಸೊಬ್ಬರು ತಮ್ಮ ಕೋಣೆಗಳ ಫೋಟೋಗಳನ್ನು ತಾವೇ ಅಪ್‌ಲೋಡ್ ಮಾಡಿ, ಗೊತ್ತಿಲ್ಲದೆ ಅಕ್ಕಿ ಫೋಲ್ಡರಿನಲ್ಲಿ ಇಟ್ಟಿದ್ದರು. ಬೆಳಿಗ್ಗೆ ಎಲ್ಲ ಹೋಗಿತ್ತು. ಬೇರೆ ಪ್ರತಿ ಇರಲಿಲ್ಲ. ಪಾಪ, ಅಳುವುದೊಂದು ಬಾಕಿ. ಅಕ್ಕ, "ಅಲ್ಲಿ ಇಡಬ್ಯಾಡ್ರಿ ಅಂತ ಮೊದಲ್ನೇ ದಿನಾನ ಹೇಳಿದ್ನಿಲ್ಲ?" ಎಂದರೇ ಹೊರತು ಒಂದು ಒಳ್ಳೆಯ ಮಾತು ಆಡಲಿಲ್ಲ. ಅದು ಕ್ರೌರ್ಯ. ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಆದರೆ ಮುಂದಿನ ವಾರ ಕ್ಯಾಮೆರಾ ಹಿಡಿದುಕೊಂಡು ತಾವೇ ಹಂಪಿಗೆ ಹೋಗಿ ಆ ಕೋಣೆಗಳ ಫೋಟೋ ಮತ್ತೆ ತೆಗೆದು ತಂದರೆಂದು ಶಬಾನಾ ಹೇಳುತ್ತಾಳೆ. ನನಗೆ ಅದು ನೆನಪಿಲ್ಲ. ಆಗಿರಲೂಬಹುದು.

ಈಗ ಲಾರಿಗಳ ವಿಷಯ.

ಸಂಡೂರಿನ ಸಂಘಕ್ಕೆ ನಾವು ಮಾಡಿಕೊಟ್ಟಿದ್ದು ಪಾಳಿಯ ಪುಟ. ಗಣಿಯಲ್ಲಿ ಅದಿರು ತುಂಬಿಸಿಕೊಳ್ಳಲು ಲಾರಿಗಳು ಹಿಂದಿನ ಸಂಜೆ ಹೆಸರು ಬರೆಸಬೇಕು. ಬೆಳಿಗ್ಗೆ ಪಾಳಿ ತೆರೆಯುವ ಹೊತ್ತಿಗೆ, ಮೊದಲು ಬರೆಸಿದವರು ಮೊದಲು ಎಂಬ ನಿಯಮದಂತೆ ಪಟ್ಟಿ ಗಟ್ಟಿಯಾಗುತ್ತದೆ. ಡ್ರೈವರುಗಳು ಫೋನಿನಲ್ಲೇ ನೋಡಿಕೊಳ್ಳಬಹುದು. ಮುಂದಿದ್ದವನಿಗೆ ಆ ದಿನ ಬಾಡಿಗೆ ಸಿಕ್ಕಿತು. ಹಿಂದಿದ್ದವನ ಪಾಳಿ ಬರುವಷ್ಟರಲ್ಲಿ ಲೋಡಿಂಗ್ ನಿಂತಿರುತ್ತದೆ. ಅವನು ಧೂಳು ಕುಡಿದು ಖಾಲಿ ಲಾರಿಯಲ್ಲೇ ಮಲಗಬೇಕು.

ಈ ಸೈಟು ಆಗಿನ್ನೂ ಅಕ್ಕನ ಕೈಗೆ ಬಂದಿರಲಿಲ್ಲ. ಹಳೆಯ ಪದ್ಧತಿಯಲ್ಲಿ ಎಲ್ಲ ಫೈಲುಗಳೂ ಒಂದೇ ಕಡೆ ಕಲಸಿಕೊಂಡಿದ್ದವು. ಪ್ರಕಟಣೆ ಹಾಕಲೆಂದು ಸರ್ವರಿನ ಪಾಸ್‌ವರ್ಡ್ ಸಂಘದವರ ಬಳಿಯೂ ಇತ್ತು.

ಒಂದು ದಿನ ಹುಲಿಗೆಪ್ಪ ಎಂಬ ಡ್ರೈವರು ಮೆಟ್ಟಿಲು ಹತ್ತಿ ಬಂದ. ದರೋಜಿಯವನು. ಒಂದೇ ಒಂದು ಲಾರಿ, ಅದೂ ಸ್ವಂತದ್ದು. ಬಂದವನೇ, "ಈ ಪಾಳಿ ಸೈಟ್ ಮಾಡಿದೋರ್ ಯಾರ್ರಿ?" ಎಂದ. ವೀರೇಶಪ್ಪನವರು ಹೊರಗೆ ಹೋಗಿದ್ದರು. ಅಕ್ಕ, "ಕುಂದ್ರಿ, ಏನಾತು?" ಎಂದರು.

"ರಾತ್ರಿ ಮಲಗೋವಾಗ ನನ್ ಮುಂದ ಮೂರ್ ಗಾಡಿ ಇದ್ವು ಅಕ್ಕಾರ. ಬೆಳಿಗ್ಗೆ ಎದ್ ನೋಡ್ತೀನಿ, ಒಂಬತ್ತು. ರಾತ್ರ್ಯಾಗ ಲಾರಿ ಮರಿ ಹಾಕ್ತಾವೇನ್ರಿ?"

ಎಲ್ಲರೂ ನಕ್ಕೆವು. ಅವನು ನಗಲಿಲ್ಲ. "ಒಂದ್ ದಿನ ಅಲ್ಲ. ದಿನಾ ಹಾಕಾಕತ್ಯಾವ. ನನ್ ಗಾಡಿ ಲೋಡ್ ಕಂಡು ವಾರ ಆತು" ಎಂದ.

ಅಕ್ಕ ನಗು ನಿಲ್ಲಿಸಿ ಕಂಪ್ಯೂಟರಿನತ್ತ ತಿರುಗಿದರು. ಕೈಯಲ್ಲಿ ಬರೆದ ಕೋಡ್ ನೋಡಿದರು. ನಿಯಮ ಸರಿಯಾಗಿತ್ತು. ಆಮೇಲೆ ಅದೇ ಫೋಲ್ಡರಿನಲ್ಲಿದ್ದ ತಯಾರಾದ ಫೈಲು ತೆರೆದರು. ಬಹಳ ಹೊತ್ತು ನೋಡಿದರು. ಮಂಡಕ್ಕಿ ಮೆತ್ತಗಾಯಿತು. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟರು. ಸಂಘದಲ್ಲಿ ಎಲ್ಲರಿಗಿಂತ ಹೆಚ್ಚು ಲಾರಿ ಇದ್ದ ದೊಡ್ಡ ಮಾಲೀಕರೊಬ್ಬರ ಗಾಡಿ ನಂಬರುಗಳು ಅಲ್ಲಿದ್ದವು. ಆ ನಂಬರುಗಳು ಬಂದರೆ ಮೇಲಕ್ಕೆ ಹಾಕು ಎಂದು ಯಾರೋ ಕೈಯಾರೆ ಸೇರಿಸಿದ್ದರು.

"ಇದು ಮಷೀನ್ ಬರದದ್ದಲ್ಲ. ಮಷೀನಿಗೆ ದೊಡ್ಡೋರು ಸಣ್ಣೋರು ಗೊತ್ತಿರಂಗಿಲ್ಲ" ಎಂದರು ಅಕ್ಕ.

ಅಂದೇ ಆ ಸೈಟನ್ನೂ ಇಬ್ಭಾಗ ಮಾಡಿದರು. ನೆಲ್ಲು ಒಂದು ಕಡೆ, ಅಕ್ಕಿ ಒಂದು ಕಡೆ. ಬೆಳಿಗ್ಗೆ ಪಾಳಿ ತೆರೆಯುವ ತುಸು ಮುಂಚೆ ಅಕ್ಕಿ ಫೋಲ್ಡರು ತಾನಾಗಿಯೇ ಖಾಲಿಯಾಗಿ, ನೆಲ್ಲಿನಿಂದ ಹೊಸದಾಗಿ ತುಂಬುವಂತೆ ಮಾಡಿದರು. ಸೈಟು ಸಂಘದ್ದು, ಪಾಸ್‌ವರ್ಡ್ ಕಸಿದುಕೊಳ್ಳುವ ಹಕ್ಕು ನಮಗಿರಲಿಲ್ಲ. ಅಕ್ಕಿಯಲ್ಲಿ ಅವರು ಏನು ಬೇಕಾದರೂ ಬರೆದುಕೊಳ್ಳಲಿ, ಬೆಳಗಾದರೆ ಅದು ಇರುವುದಿಲ್ಲ. ಮರುದಿನ ಹುಲಿಗೆಪ್ಪನ ಲಾರಿ ಹಿಂದಿನ ಸಂಜೆ ಬರೆಸಿದ್ದ ನಾಲ್ಕನೆಯ ಪಾಳಿಯಲ್ಲೇ ತುಂಬಿತು.

ವಾರದೊಳಗೆ ಸಂಡೂರಿನಿಂದ ಕರೆ ಬಂತು. ವೀರೇಶಪ್ಪನವರು ನಮ್ಮ ಮೂವರನ್ನು ಕಾರಿಗೆ ಹತ್ತಿಸಿಕೊಂಡು ಹೊರಟರು. ನಮಗೆ ಬರಬೇಕಿದ್ದ ಇನ್ನೂ ಹತ್ತಾರು ಸೈಟುಗಳ ಕೆಲಸ ಸಂಘದವರ ಕೈಯಲ್ಲಿತ್ತು. ದಾರಿಯುದ್ದಕ್ಕೂ ಕಾರಿನಲ್ಲಿ, "ಒಂದ್ ಫೈಲ್ ಎಲ್ಲಿಡಬೇಕು ಅನ್ನೋದಕ್ಕ ಇಷ್ಟ್ ಜಗಳ ಯಾಕವ್ವಾ? ಮೊದಲ್ ಎಲ್ಲಿತ್ತೋ ಅಲ್ಲೇ ಇಟ್ಟು ಕೈ ತೊಳ್ಕೊ. ನಿನ್ ಕೆಲ್ಸಾನೂ ಉಳೀತೈತಿ" ಎಂದು ಬೇಡಿಕೊಂಡರು. ಅಕ್ಕ ಕಿಟಕಿಯಾಚೆ ಕೆಂಪು ಗುಡ್ಡಗಳನ್ನು ನೋಡುತ್ತ ಕುಳಿತಿದ್ದರು. ಹಿಂದಿನ ಸೀಟಿನಲ್ಲಿ ನಾನು, ಶಬಾನಾ. ಇಷ್ಟರ ಮಟ್ಟಿಗೆ ನಮ್ಮಿಬ್ಬರ ನೆನಪೂ ಒಂದೇ.

ಕಾರ್ಯದರ್ಶಿ ಒಳ್ಳೆಯ ಮಾತಿನವರು. ಚಹಾ ತರಿಸಿದರು. "ಮೇಡಂ, ನೀವು ಓದಿದೋರು. ನಮಗ ಆ ನೆಲ್ಲು, ಅಕ್ಕಿ ಯಾವ್ದೂ ತಿಳಿಯಂಗಿಲ್ಲ. ಅದೊಂದು ಫೈಲು ನಮ್ ಕೈಗೆ ಸಿಗೋ ಜಾಗದಾಗ ಇಟ್ಬಿಡ್ರಿ. ದಿನಾ ಅಳಸೋದು ಬ್ಯಾಡ" ಎಂದರು. ದೊಡ್ಡ ಮಾಲೀಕರು ಮೂಲೆಯ ಸೋಫಾದಲ್ಲಿ ಫೋನು ನೋಡುತ್ತ, ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಕೂತಿದ್ದರು.

ಇಲ್ಲಿಂದ ನಮ್ಮ ನೆನಪುಗಳು ಬೇರೆಯಾಗುತ್ತವೆ. ಲ್ಯಾಪ್‌ಟಾಪೋ, ಚಹಾದ ಚೌಕಗಳೋ. ಆದರೆ ಅಕ್ಕ ಆಡಿದ ಮಾತಿನ ಬಗ್ಗೆ ಇಬ್ಬರಿಗೂ ತಕರಾರಿಲ್ಲ.

"ನಿಮ್ ಕೈಗೆ ಸಿಗೋ ಜಾಗ ಐತಲ್ರಿ, ಅಣ್ಣಾರ. ನೆಲ್ಲು. ಅದೂ ನಿಮ್ದ. ಯಾರ್ ಗಾಡಿ ಮೊದ್ಲು ಅಂತ ಅದ್ರಾಗ ಬರೀರಿ. ಬ್ಯಾಡ ಅನ್ನಾಕ ನಾ ಯಾರು? ಆದ್ರ ಅಲ್ಲಿ ಬರದ್ರ ಬರದೋರ್ ಹೆಸರೂ ಕುಂದರ್ತೈತಿ. ನಿಯಮ ಬದ್ಲಾಗೈತಿ ಅಂತ ಪಾಳಿ ಪುಟದ ಮ್ಯಾಲೆ ನಾನ ಹಾಕ್ತೀನಿ. ಎಲ್ಲಾ ಡ್ರೈವರೂ ಓದ್ಲಿ. ಈಗ ಹೇಳ್ರಿ, ಯಾರ್ ಹೆಸರಿನ್ಯಾಗ ಬರೀಲಿ?"

ಕಾರ್ಯದರ್ಶಿ ದೊಡ್ಡ ಮಾಲೀಕರತ್ತ ನೋಡಿದರು. ದೊಡ್ಡ ಮಾಲೀಕರು ಫೋನಿನತ್ತ ನೋಡಿದರು. ವೀರೇಶಪ್ಪನವರು ನೆಲ ನೋಡಿದರು.

"ಯಾಕ್ರಿ, ಒಬ್ರೂ ಇಲ್ಲೇನು?" ಎಂದು ಅಕ್ಕ ಮತ್ತೆ ಕೇಳಿದರು. ಈ ಎರಡನೆಯ ಸಲ ಕೇಳಿದ್ದನ್ನು ಶಬಾನಾ ಒಪ್ಪುವುದಿಲ್ಲ. ನಾನೇ ವರ್ಷಗಳಿಂದ ಹೇಳಿ ಹೇಳಿ ಸೇರಿಸಿಕೊಂಡಿದ್ದೇನಂತೆ. ಇರಬಹುದು. ನನ್ನ ತಲೆಯೊಳಗೂ ನೆಲ್ಲು, ಅಕ್ಕಿ ಕಲಸಿಹೋಗಿರಬಹುದು.

ಬೆಳಗಿನ ಆ ಅಳಿಸುವಿಕೆಯನ್ನು ನಿಲ್ಲಿಸಿ ಎಂದು ಸಂಘ ಮತ್ತೆ ಹೇಳಲಿಲ್ಲ. ಹೇಳುವುದಿದ್ದರೂ ಯಾರಾದರೊಬ್ಬರು ತಮ್ಮ ಹೆಸರಿನಲ್ಲಿ ಹೇಳಬೇಕಿತ್ತಲ್ಲ. ಆದರೆ ಹೊಸ ಕೆಲಸಗಳು ಬೇರೆ ಆಫೀಸಿಗೆ ಹೋದವು. ವೀರೇಶಪ್ಪನವರು ಅಕ್ಕನನ್ನು ಆ ಸೈಟಿನಿಂದ ಬಿಡಿಸಿ, ಕುರ್ಚಿಯನ್ನು ಜೆರಾಕ್ಸ್ ಮಷೀನಿನ ಪಕ್ಕಕ್ಕೆ ಹಾಕಿಸಿದರು. ಅಕ್ಕ ಕೀಬೋರ್ಡನ್ನು ಎತ್ತಿ ಒಮ್ಮೆ ಊದಿ, ಚೀಲ ಹೆಗಲಿಗೆ ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಕುರ್ಚಿ ನಿಮ್ದು ವೀರೇಶಪ್ಪಾರ, ಎಲ್ಲಿ ಬೇಕಾದ್ರೂ ಇಡ್ರಿ. ಅಕ್ಕಿ ಮಾತ್ರ ಎಲ್ಲೈತೋ ಅಲ್ಲೇ ಇರ್ಲಿ. ಮುಟ್ಟಿದ್ರ ಹುಲಿಗೆಪ್ಪ ಮೊದ್ಲು ನಿಮ್ ಮೆಟ್ಟಿಲ ಹತ್ತತಾನ."

ಹಾಗೆಯೇ ಮೆಟ್ಟಿಲಿಳಿದು ಹೋದರು, ಮತ್ತೆ ಕೆಲಸಕ್ಕೆ ಬರಲಿಲ್ಲ. ಆಮೇಲೆ ಕಂಪ್ಲಿಯಲ್ಲಿ ಮಿಲ್ಲಿನ ಮೇಲಿನ ಕೋಣೆಯಲ್ಲಿ ಕೂತು ಅಲ್ಲಿ ಇಲ್ಲಿಯ ಸೈಟುಗಳ ಕೆಲಸ ಮಾಡುತ್ತಿದ್ದರು. ನಾನು ಎರಡು ಸಲವೋ ಮೂರು ಸಲವೋ ಹೋಗಿದ್ದೆ. ಕೊನೆಯ ಸಲ, "ಪಾಳಿ ಹೆಂಗೈತ್ರಿ?" ಎಂದು ಕೇಳಿದರು. ಅವರು ಕೆಲಸ ಬಿಟ್ಟ ಬಗ್ಗೆ ನಾನು ಕೇಳಿದ್ದಕ್ಕೆ, "ಅದನ್ನ ಬಿಡ್ರಿ" ಎಂದರು. "ಪಾಳಿ ಹೆಂಗೈತ್ರಿ?" ಎಂದು ಮತ್ತೆ ಕೇಳಿದರು. ನನಗೆ ಗೊತ್ತಿರಲಿಲ್ಲ. ಚೆನ್ನಾಗಿದೆ ಎಂದೆ.

ಸಂತಾಪ ಸಭೆ ಮುಗಿಸಿ ಮೆಟ್ಟಿಲಿಳಿಯುವಾಗ ಆ ಪ್ರಶ್ನೆಯೇ ತಲೆಯಲ್ಲಿ ಕುಳಿತಿತ್ತು. ಈಗ ಆ ಸೈಟನ್ನು ನೋಡಿಕೊಳ್ಳುವವಳು ಶಬಾನಾ. ಎಲ್ಲ ಅಕ್ಕ ಬಿಟ್ಟುಹೋದ ಹಾಗೆಯೇ ಇದೆ ಎಂದಳು.

"ನೀನು ಹೇಳಿದರೆ ಸಾಲದು. ನೋಡಬೇಕು" ಎಂದೆ.

"ನಿಮ್ಗ ಅಕ್ಕನ ಮ್ಯಾಲೂ ನಂಬಿಕಿ ಇಲ್ಲೇನ್ರಿ ಸಾರ್?"

"ಅಕ್ಕನ ಮೇಲಿದೆ. ನಮ್ಮ ಮೇಲಿಲ್ಲ."

ಪಾಳಿ ಬರೆಸುವುದು ಮುಗಿದ ಮೇಲೆ ಆ ಸಂಜೆ ಶಬಾನಾ ಗೊಣಗುತ್ತಲೇ ಅಕ್ಕಿ ಫೋಲ್ಡರು ತೆರೆದಳು. ನಾನು ಹೇಳಿದಂತೆ, ತಯಾರಾದ ಫೈಲಿನಲ್ಲಿ ಕೈಯಾರೆ ಒಂದು ಸಾಲು ಸೇರಿಸಿ, ನನ್ನ ಸ್ಕೂಟರಿನ ನಂಬರನ್ನು ಎಲ್ಲ ಲಾರಿಗಳಿಗಿಂತ ಮುಂದೆ ನಿಲ್ಲಿಸಿದಳು. ಫೋನಿನಲ್ಲಿ ನೋಡಿದೆ. ಸಂಡೂರಿನ ಮೊದಲ ಪಾಳಿ ನನ್ನದು! ನಾವು ಚಹಾ ಕುಡಿಯುವಷ್ಟರಲ್ಲಿ ಶಬಾನಾಳ ಫೋನು ಬಡಿದುಕೊಂಡಿತು. ಹುಲಿಗೆಪ್ಪ.

"ಯಾವನ್ರೀ ಅವ? ಸ್ಕೂಟರ್ ಮ್ಯಾಲೆ ಅದಿರು ತುಂಬ್ತಾನೇನ್ರಿ?"

"ಬೆಳಿಗ್ಗೆ ತಂಕ ತಡಿ ಅಣ್ಣ" ಎಂದು ಶಬಾನಾ ನನ್ನನ್ನು ದುರುಗುಟ್ಟಿ ನೋಡಿದಳು. "ಆ ನಂಬರ್ ಅಳಿಸಿ ಹೋಗ್ಲಿಲ್ಲಂದ್ರ ನಾನ ಫೋನ್ ಮಾಡಿ ನಿಮ್ ಅಡ್ರೆಸ್ ಕೊಡ್ತೀನಿ ಅವ್ನಿಗೆ."

ಲ್ಯಾಪ್‌ಟಾಪ್ ಇತ್ತೋ ಇಲ್ಲವೋ ನನಗೆ ಇನ್ನೂ ತಿಳಿಯದು. ಅಕ್ಕ ಎರಡನೆಯ ಸಲ ಕೇಳಿದರೋ ಇಲ್ಲವೋ, ಹಂಪಿಗೆ ಹೋಗಿ ಫೋಟೋ ತೆಗೆದರೋ ಇಲ್ಲವೋ, ಅದೂ ತಿಳಿಯದು. ಆದರೆ ಮರುದಿನ ಬೆಳಿಗ್ಗೆ ಪಾಳಿ ತೆರೆದ ಹೊತ್ತಿಗೆ ಸಂಡೂರಿನ ಗಣಿಯ ರಸ್ತೆಯಲ್ಲಿ ನಿಂತು, ನನ್ನ ಕಣ್ಣಿನಿಂದ, ನನ್ನ ಫೋನಿನಲ್ಲಿ ನೋಡಿದೆ. ಶಬಾನಾಳಿಗೂ ತೋರಿಸಿದೆ. ಸಾಲಿನಲ್ಲಿ ಕಾಯುತ್ತಿದ್ದ ಹುಲಿಗೆಪ್ಪನ ಫೋನಿನಲ್ಲೂ ನೋಡಿದೆ. ಮೊದಲ ಪಾಳಿಯಲ್ಲಿ ಯಾರೋ ಒಂಟಿ ಲಾರಿಯವನ ನಂಬರಿತ್ತು. ದೊಡ್ಡ ಮಾಲೀಕರ ಗಾಡಿಗಳು ತಮ್ಮ ತಮ್ಮ ಸರದಿಯಲ್ಲಿ, ಕೆಳಗೆಲ್ಲೋ ಇದ್ದವು. ನನ್ನ ಸ್ಕೂಟರು ಎಲ್ಲೂ ಇರಲಿಲ್ಲ.